ಮೂವತ್ತಾರು ಅಂದ್ರೆ ಎಷ್ಟು?

ಇವತ್ತು ರಾಜಕೀಯ ಬೇಡ. ಇವತ್ತು ನನ್ನ ಬೆನ್ನಿನ ವಿಷಯ ಮಾತಾಡೋಣ.

ನೀವು ದಿನಾ ನನ್ನನ್ನು ಮುಂದಿನಿಂದ ನೋಡ್ತೀರಿ. ಬ್ಲೇಜರ್ ನೆಟ್ಟಗೆ ಕೂತಿರುತ್ತೆ, ಒಂದು ಸುಕ್ಕೂ ಕಾಣಲ್ಲ. ಕ್ಯಾಮೆರಾದವರು ಯಾವತ್ತಾದರೂ ಹಿಂದಿನಿಂದ ತೋರಿಸಿಬಿಟ್ಟರೆ ಮರ್ಯಾದೆ ಹೋಯ್ತು. ಬೆನ್ನ ಮೇಲೆ ನಾಲ್ಕು ಕ್ಲಿಪ್ ಇರುತ್ತವೆ. ಆಫೀಸಿನಲ್ಲಿ ಕಾಗದದ ಕಟ್ಟಿಗೆ ಹಾಕ್ತಾರಲ್ಲ, ಅದೇ ಕಪ್ಪು ಕ್ಲಿಪ್. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಒಂದು ಕಡೆ, ಬಟ್ಟೆ ನೋಡಿಕೊಳ್ಳುತ್ತಿದ್ದ ಹುಡುಗಿ ಕ್ಲಿಪ್ ಹಾಕುತ್ತಾ ಹೇಳಿದಳು: "ಮೇಡಂ, ಭುಜಕ್ಕೆ ಸರಿ ಇರೋದು ತಂದ್ರೆ ಸೊಂಟಕ್ಕೆ ದೊಗಳೆ. ಸೊಂಟಕ್ಕೆ ಸರಿ ಇರೋದು ತಂದ್ರೆ ಗುಂಡಿ ಹಾಕೋಕಾಗಲ್ಲ. ನಿಮ್ಮ ಮೈನೇ ಸ್ವಲ್ಪ ಹಂಗೆ."

ನಾನು ನಂಬಿದೆ. ನನ್ನ ಮೈಯೇ ಸ್ವಲ್ಪ ಹಂಗೆ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ. ಇಂಜಿನಿಯರಿಂಗ್ ಓದಿದವಳು. ಅಚ್ಚಿಗೂ ವಸ್ತುವಿಗೂ ಹೊಂದದಿದ್ದರೆ ವಸ್ತುವನ್ನು ಬೈಯುವ ಮೊದಲು ಅಚ್ಚನ್ನು ಅಳೆಯಬೇಕು ಅಂತ ವರ್ಕ್‌ಶಾಪಿನಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಆ ಪಾಠ ಕಬ್ಬಿಣಕ್ಕೆ ಮಾತ್ರ ಅಂದುಕೊಂಡಿದ್ದೆನೋ ಏನೋ.

ನಮ್ಮೂರು ಕಡೂರು. ಹೋದ ತಿಂಗಳು ಮನೆಯ ಮದುವೆಗೆ ಅಂತ ಹೋಗಿದ್ದೆ. ಆನ್‌ಲೈನಿನಲ್ಲಿ ತರಿಸಿದ ರೆಡಿಮೇಡ್ ರವಿಕೆ ತೋಳಿನ ಹತ್ತಿರ ಹತ್ತಲೇ ಇಲ್ಲ. ತರೀಕೆರೆಯಲ್ಲಿ ನಮ್ಮ ಚಿಕ್ಕಮ್ಮನ ಬೀದಿಯಲ್ಲಿ ಒಬ್ಬರು ಟೈಲರ್ ಅಕ್ಕ ಇದ್ದಾರೆ. ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಷೀನು. ಅವರ ಹತ್ತಿರ ಓಡಿದೆ. ಅವರು ರವಿಕೆಯನ್ನು ಒಳಗು ಹೊರಗು ಮಾಡಿ ನೋಡಿದರು. "ಇದರಲ್ಲಿ ಬಿಚ್ಚೋಕೆ ಏನಿದೆ ಕಣಮ್ಮ? ಒಳಗೆ ಬಟ್ಟೆನೇ ಬಿಟ್ಟಿಲ್ಲ. ಓವರ್‌ಲಾಕ್ ಹೊಡೆದು ಕತ್ತರಿಸಿಬಿಟ್ಟಿದಾರೆ" ಅಂದರು. ಆಮೇಲೆ ಟೇಪು ಹಿಡಿದು ನನ್ನ ಅಳತೆ ತಗೊಂಡು, ಒಂದು ಉದ್ದ ನೋಟ್‌ಬುಕ್ ತೆಗೆದರು.

ಆ ನೋಟ್‌ಬುಕ್ ನೋಡಿ ನಾನು ರವಿಕೆ ಮರೆತೆ.

ಒಂದೊಂದು ಸಾಲಿಗೆ ಒಬ್ಬೊಬ್ಬರು. ಉದ್ದ, ಭುಜ, ಎದೆ, ಸೊಂಟ, ತೋಳುದ್ದ, ತೋಳು ಸುತ್ತ, ಕಂಕುಳು, ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ. ಅಂಥ ನೋಟ್‌ಬುಕ್‌ಗಳು ಅಟ್ಟದ ಮೇಲೆ ಇನ್ನೊಂದು ಡಬ್ಬದ ತುಂಬ ಇವೆಯಂತೆ. ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲದ ದಾಖಲೆ ತರೀಕೆರೆಯ ಅಟ್ಟದ ಮೇಲಿದೆ. ಹೆಸರುಗಳ ಮೇಲೆ ಕೈ ಅಡ್ಡ ಇಟ್ಟುಕೊಂಡೇ ಅಕ್ಕ ಒಂದು ಪುಟ ತೋರಿಸಿದರು. ಅದು ಅವರ ಸಭ್ಯತೆ, ಮೆಚ್ಚಿದೆ. ಆ ಒಂದೇ ಪುಟದಲ್ಲಿ ಎದೆ ಮೂವತ್ತಾರು ಇರುವವರು ಮೂವರು. ಸೊಂಟ? ಒಬ್ಬರದು 29, ಒಬ್ಬರದು 32, ಇನ್ನೊಬ್ಬರದು 35. ತೋಳಿನ ಸುತ್ತಳತೆಯಲ್ಲಿ ಎರಡು ಇಂಚು ವ್ಯತ್ಯಾಸ. 29ರ ಸೊಂಟದವರ ಭುಜವೇ ಮೂವರಲ್ಲಿ ಅಗಲ.

ಅಂಗಡಿಗೆ ಹೋದರೆ ಈ ಮೂವರಿಗೂ ಒಂದೇ ರವಿಕೆ ಕೊಡುತ್ತಾರೆ. ಮೂವತ್ತಾರು.

ಈಗ ಸ್ವಲ್ಪ ಲೆಕ್ಕ ಮಾಡೋಣ, ಚಾನೆಲ್ ಬದಲಾಯಿಸಬೇಡಿ. ಎದೆಯಲ್ಲಿ ಮಧ್ಯಮ ಗಾತ್ರದವರು ಮೂವರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ಸೊಂಟದಲ್ಲಿ ಮಧ್ಯಮ, ಅದೂ ಮೂವರಲ್ಲಿ ಒಬ್ಬರು. ಹಿಪ್ ಕೂಡ ಹಾಗೇ. ಈ ಮೂರೂ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದರೆ, ಮೂರರಲ್ಲೂ ಮಧ್ಯಮ ಇರುವವರು ಇಪ್ಪತ್ತೇಳು ಜನರಲ್ಲಿ ಒಬ್ಬರು ಮಾತ್ರ. ದೇಹದಲ್ಲಿ ಸಂಬಂಧ ಇದ್ದೇ ಇರುತ್ತೆ, ದಪ್ಪ ಇರುವವರು ಸಾಮಾನ್ಯವಾಗಿ ಎಲ್ಲ ಕಡೆ ಸ್ವಲ್ಪ ದಪ್ಪ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ವಾಸಿ. ಆದರೆ ಕಾರ್ಖಾನೆ ಅಂದುಕೊಂಡಷ್ಟು ಗಟ್ಟಿ ಸಂಬಂಧ ಅಲ್ಲ ಅದು. ಕಾರ್ಖಾನೆಯಲ್ಲಿ ಒಂದು ಮೂಲ ಪ್ಯಾಟರ್ನ್ ಮಾಡಿ, ಎದೆಗೆ ಇಷ್ಟು ಇಂಚು ಸೇರಿಸಿದರೆ ಸೊಂಟಕ್ಕೂ ಇಷ್ಟು, ತೋಳಿಗೆ ಇಷ್ಟು ಅಂತ ಒಂದೇ ಸಮನೆ ಹಿಗ್ಗಿಸುತ್ತಾ ಹೋಗುತ್ತಾರೆ. ಅದಕ್ಕೆ ಗ್ರೇಡಿಂಗ್ ಅಂತ ಹೆಸರು. ಬಲೂನಿಗೆ ಗಾಳಿ ಊದಿದ ಹಾಗೆ. ಹೆಣ್ಣುಮಕ್ಕಳು ಬಲೂನಿನ ಹಾಗೆ ಬೆಳೆಯುವುದಿಲ್ಲ. ಹೆರಿಗೆಯಾದ ಮೇಲೆ ಸೊಂಟ ಬದಲಾಗುತ್ತೆ, ಭುಜದ ಮೂಳೆ ಎಲ್ಲಿತ್ತೋ ಅಲ್ಲೇ ಇರುತ್ತೆ.

ಇದು ಇವತ್ತು ಗೊತ್ತಾದ ವಿಷಯವೂ ಅಲ್ಲ. 1950ರಲ್ಲಿ ಅಮೆರಿಕದ ವಾಯುಪಡೆ ತನ್ನ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ಅಳೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಅಂತ ಒಬ್ಬ ಯುವಕ, ಅಳೆದ 4,063 ಜನರಲ್ಲಿ ಹತ್ತು ಮುಖ್ಯ ಅಳತೆಗಳಲ್ಲೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಅಂತ ಎಣಿಸಿದ. ಸೊನ್ನೆ. ಒಬ್ಬನೂ ಇಲ್ಲ. ಬರೀ ಮೂರು ಅಳತೆ ತಗೊಂಡರೂ ನೂರಕ್ಕೆ ಮೂರೂವರೆ ಜನ ದಾಟಲಿಲ್ಲ. ವಾಯುಪಡೆ ಏನು ಮಾಡಿತು ಗೊತ್ತಾ? "ನಿಮ್ಮ ಮೈನೇ ಹಂಗೆ" ಅಂತ ಪೈಲಟ್‌ಗಳಿಗೆ ಹೇಳಲಿಲ್ಲ. ಸೀಟನ್ನು ಹಿಂದೆ ಮುಂದೆ ಸರಿಸುವ ಹಾಗೆ ಮಾಡಿಸಿತು.

ಅದಕ್ಕೂ ಐದು ವರ್ಷ ಮೊದಲು, 1945ರಲ್ಲಿ, ಅದೇ ದೇಶದ ಕ್ಲೀವ್‌ಲ್ಯಾಂಡ್ ಊರಿನಲ್ಲಿ ಒಂದು ಸ್ಪರ್ಧೆ. ಸುಮಾರು 15,000 ಯುವತಿಯರ ಅಳತೆಯ ಸರಾಸರಿ ತೆಗೆದು ನಾರ್ಮಾ ಅಂತ ಒಂದು ಪ್ರತಿಮೆ ಮಾಡಿದ್ದರು. ಈ ಪ್ರತಿಮೆಗೆ ಹೊಂದುವ ಹೆಣ್ಣು ಯಾರು, ಬನ್ನಿ ಅಂತ ಪತ್ರಿಕೆಯಲ್ಲಿ ಕರೆ. 3,864 ಹೆಂಗಸರು ತಮ್ಮ ಅಳತೆ ಕಳಿಸಿದರು. ಒಂಬತ್ತು ಅಳತೆಗೂ ಹೊಂದಿದವರು ಒಬ್ಬರೂ ಇಲ್ಲ. ಆದರೂ ಹತ್ತಿರ ಬಂದ ಒಬ್ಬಾಕೆಗೆ, ಚಿತ್ರಮಂದಿರದಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗಿಗೆ, ಬಹುಮಾನ ಕೊಟ್ಟು ಮುಗಿಸಿದರು. ಗಂಡಸರು ಹೊಂದದಿದ್ದಾಗ ವಿಮಾನವನ್ನೇ ತಿದ್ದಿದ ದೇಶ, ಹೆಂಗಸರು ಹೊಂದದಿದ್ದಾಗ ಸ್ಪರ್ಧೆ ನಡೆಸಿತ್ತು!

ಇನ್ನು ಹೆಂಗಸರ ಬಟ್ಟೆಗೆಂದೇ ನಡೆದ ಮೊದಲ ದೊಡ್ಡ ಅಳತೆಯೂ ಅಲ್ಲೇ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ, ಹೌದು ಕೃಷಿ ಇಲಾಖೆಯೇ, ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಮುಂದಾಳತ್ವದಲ್ಲಿ ಸುಮಾರು ಹದಿನೈದು ಸಾವಿರ ಹೆಂಗಸರನ್ನು ಅಳೆಯಿತು. ಒಬ್ಬೊಬ್ಬರಿಗೆ 59 ಅಳತೆ. 1941ರಲ್ಲಿ ಪುಸ್ತಕ ಬಂತು. ದೋಷ ಬೇಕಾದಷ್ಟಿತ್ತು. ಬಿಳಿಯ ಹೆಂಗಸರ ಅಳತೆ ಮಾತ್ರ ಲೆಕ್ಕಕ್ಕೆ ತಗೊಂಡರು. ಬಂದವರಿಗೆ ಒಂದಿಷ್ಟು ಕಾಸು ಕೊಡುತ್ತಿದ್ದರಿಂದ ಬಡವರೇ ಹೆಚ್ಚು ಬಂದರು. ಎತ್ತರ ಮತ್ತು ತೂಕ ಎರಡನ್ನು ಇಟ್ಟುಕೊಂಡರೆ ಸೈಜು ಚೆನ್ನಾಗಿ ಹೊಂದುತ್ತೆ ಅಂತ ಅವರಿಗೆ ಲೆಕ್ಕದಲ್ಲಿ ಕಂಡಿತ್ತು. ಆದರೆ ಅಂಗಡಿಯಲ್ಲಿ ನಿಂತು ಯಾವ ಹೆಂಗಸೂ ತೂಕ ಹೇಳಲ್ಲ ಅಂತ ಅದನ್ನು ಕೈಬಿಟ್ಟರು. ಇದೊಂದು ವಿಷಯದಲ್ಲಿ ಅವರಿಗೂ ನಮಗೂ ವ್ಯತ್ಯಾಸ ಇಲ್ಲ ಬಿಡಿ. ಆ ದತ್ತಾಂಶ ಆಧರಿಸಿ 1958ರಲ್ಲಿ ಬಂದ ಸರ್ಕಾರಿ ಮಾನದಂಡದಲ್ಲಿ ಒಂದು ಸೈಜಿಗೆ ಮೂರು ಭಾಗ ಇತ್ತು: ಎದೆಗೆ ಒಂದು ಸಂಖ್ಯೆ, ಎತ್ತರಕ್ಕೆ ಒಂದು ಅಕ್ಷರ, ಹಿಪ್ಪಿಗೆ ಕೂಡು ಅಥವಾ ಕಳೆ ಚಿಹ್ನೆ. ಮೂರು ವಿವರ ಇಲ್ಲದೆ ಹೆಣ್ಣಿನ ಬಟ್ಟೆ ಕೂರಲ್ಲ ಅಂತ ಆಗಲೇ ಬರೆದಿಟ್ಟಿದ್ದರು. ಅಂಗಡಿಗಳು ಒಂದು ಸಂಖ್ಯೆ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟವು. 1983ರಲ್ಲಿ ಆ ಮಾನದಂಡವೇ ರದ್ದಾಯಿತು.

ಇದನ್ನೆಲ್ಲ ಕಡೂರಿನಲ್ಲಿ ಯಾಕೆ ಹೇಳ್ತಿದೀಯಮ್ಮ ಅಂತ ಕೇಳಬಹುದು. ಮದುವೆ ಮುಗಿಸಿ ಬರುವಾಗ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಗುರುತು ಹಿಡಿದು ಮಾತಾಡಿಸಿದರು. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಹೊರದೇಶಕ್ಕೆ ಹೋಗುವ ಹೆಂಗಸರ ಷರ್ಟಿಗೆ ತೋಳು ಕೂರಿಸುತ್ತಾರೆ. ನಿಮಗೇ ಒಂದು ಹೊಲಿದುಕೊಳ್ಳಬಹುದಲ್ಲ ಅಂದೆ, ತಮಾಷೆಗೆ. "ನಾವು ಹೊಲಿಯೋದು ನಮಗಾಗಲ್ಲ ಮೇಡಂ. ತೋಳು ಕೈ ಮುಚ್ಚುತ್ತೆ, ಭುಜ ಕೆಳಗೆ ಜಾರುತ್ತೆ. ಅವರು ಬೇರೆ ಥರ ಜನ" ಅಂದರು. ಅದು ಸರಿ, ಅವರು ಬೇರೆ ಥರ ಜನ. ಆದರೆ ನಮಗೆ ಅಂತ ಮಾರುವ ಬಟ್ಟೆಗೂ ಅಮೆರಿಕ, ಬ್ರಿಟನ್ನಿನ ಸೈಜ್ ಪಟ್ಟಿಯನ್ನೇ ಅಲ್ಲಲ್ಲಿ ತಿದ್ದಿ ಬಳಸುವ ಕಂಪನಿಗಳು ಎಷ್ಟೋ ಇವೆ. ಅದಕ್ಕೇ ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಕ್ಸೆಲ್.

ಈಗ ಅಜ್ಜಂಪುರಕ್ಕೆ ಬನ್ನಿ. ಈರುಳ್ಳಿ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಹತ್ತು ಹನ್ನೆರಡು ಜನ. ಎಲ್ಲರೂ ಸೀರೆಯ ಮೇಲೆ ಗಂಡಸರ ತುಂಬುದೋಳಿನ ಷರ್ಟು ಹಾಕಿದ್ದರು. ನೀವೂ ನೋಡಿರ್ತೀರಿ, ನೋಡಿ ನೋಡಿ ಕಣ್ಣಿಗೆ ಬೀಳುವುದೇ ನಿಂತಿದೆ. ಗಂಡನ ಹಳೇ ಷರ್ಟು, ಮಗನ ಹಳೇ ಷರ್ಟು. ಬಿಸಿಲಿಗೆ, ಮುಳ್ಳಿಗೆ, ಬೆವರಿಗೆ. ಸೀರೆಯ ಸೆರಗು ಜಾರದ ಹಾಗೆ. ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಬಂದಿರುತ್ತೆ, ಕಫ್ ಎರಡು ಸಲ ಮಡಿಸಿರುತ್ತಾರೆ, ಎದೆಯ ಹತ್ತಿರ ಮಾತ್ರ ಗುಂಡಿ ಎಳೆಯುತ್ತಿರುತ್ತೆ. ರಾಜ್ಯದ ತುಂಬ ಹೊಲದಲ್ಲಿ ದುಡಿಯುವ ಹೆಣ್ಣಿನ ಸಮವಸ್ತ್ರ ಅದೇ. ಅವಳಿಗೆ ಅಂತ ಯಾರೂ ಹೊಲಿದಿಲ್ಲ. ಅವಳ ತೋಳಿನ ಸುತ್ತಳತೆ ಯಾವ ಪಟ್ಟಿಯಲ್ಲೂ ಇಲ್ಲ. ನಾನು ಟಿವಿಯವಳು, ನಾಲ್ಕು ಕ್ಲಿಪ್ಪಿಗೆ ಇಷ್ಟು ಗೋಳಾಡ್ತಿದ್ದೀನಿ. ಅವರಲ್ಲಿ ಒಬ್ಬರನ್ನು ಕೇಳಿದೆ, "ಈ ಷರ್ಟು ತೊಂದರೆ ಆಗಲ್ವಾ ಅಮ್ಮಾ?" "ಬಗ್ಗಿದಾಗ ಕಂಕುಳಲ್ಲಿ ಹಿಡಿಯುತ್ತೆ. ನಮಗೆ ಹೇಳಿ ಮಾಡಿಸಿದ್ದಾ ಇದು?" ಅಂದರು, ಕೈ ನಿಲ್ಲಿಸದೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾದ ಆ ರಾಸುಗಳ ಊರು ಅಜ್ಜಂಪುರ. ಹೋಲಿಕೆ ಮಾಡ್ತಿದ್ದೀನಿ ಅಂತ ಸಿಟ್ಟಾಗಬೇಡಿ, ಅಳತೆಯ ಬಗ್ಗೆ ಹೇಳ್ತಿದ್ದೀನಿ ಅಷ್ಟೆ. ದನದ ತೂಕ ತಕ್ಕಡಿ ಇಲ್ಲದೆ ಕಂಡುಹಿಡಿಯಲು ಒಂದು ಸೂತ್ರ ಇದೆ. ಎದೆಯ ಸುತ್ತಳತೆ ಇಂಚಿನಲ್ಲಿ ತಗೊಂಡು ಅದನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ ಗುಣಿಸಿ, ಮುನ್ನೂರರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತೆ. ಪಶುವೈದ್ಯರಿಗೆಲ್ಲ ಗೊತ್ತು. ಸಾವಿರಾರು ದನ ಅಳೆದು, ತೂಗಿ, ಯಾವ ಅಳತೆಗೂ ಯಾವ ಅಳತೆಗೂ ಎಷ್ಟು ಸಂಬಂಧ ಅಂತ ಯಾರೋ ಕೂತು ನೋಡಿದ್ದರಿಂದ ಬಂದ ಸೂತ್ರ ಅದು. ಅಂಥ ಕೂತು ನೋಡುವ ಕೆಲಸ ಹೊಲದ ಆ ತಾಯಿಗೆ ಆಗಿಲ್ಲ.

ಪೂರ್ತಿ ಆಗಿಲ್ಲ ಅಂದರೆ ತಪ್ಪಾಗುತ್ತೆ. ಟೇಪು ನಮ್ಮ ಹೆಣ್ಣುಮಕ್ಕಳ ಸೊಂಟಕ್ಕೆ ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎತ್ತರ, ತೂಕದ ಜೊತೆಗೆ ಸೊಂಟ ಮತ್ತು ಹಿಪ್ ಸುತ್ತಳತೆಯನ್ನೂ ಮೊದಲ ಸಲ ಅಳೆದರು, 15ರಿಂದ 49 ವರ್ಷದವರಿಗೆ. ದೇಶದ ಹೆಂಗಸರಲ್ಲಿ ನೂರಕ್ಕೆ 18.7 ಜನ ತೀರ ತೆಳ್ಳಗೆ, 24 ಜನ ಅಧಿಕ ತೂಕ. ಸೊಂಟ ಮತ್ತು ಹಿಪ್ಪಿನ ಅನುಪಾತ ಅಪಾಯದ ಗೆರೆ ದಾಟಿದವರು ನೂರಕ್ಕೆ 56ಕ್ಕೂ ಹೆಚ್ಚು. ಇದನ್ನು ಕಾಯಿಲೆಯ ದೃಷ್ಟಿಯಿಂದ ತೆಗೆದರು, ಸರಿಯೇ. ಆದರೆ ಒಬ್ಬ ಪ್ಯಾಟರ್ನ್ ಮಾಸ್ಟರ್ ಇದೇ ಸಂಖ್ಯೆ ನೋಡಿದರೆ ಅವರಿಗೆ ಬೇರೆ ಸುದ್ದಿ ಕಾಣಬೇಕು: ನೀವು ಸಣ್ಣ ಸೊಂಟ, ಅಗಲ ಹಿಪ್ ಅಂತ ಅಂದುಕೊಂಡು ಕತ್ತರಿಸುತ್ತಿರುವ ಬಟ್ಟೆ ಈ ದೇಶದ ಅರ್ಧಕ್ಕಿಂತ ಹೆಚ್ಚು ಹೆಂಗಸರ ಮೈಕಟ್ಟಿಗೆ ಹೊಂದಲ್ಲ.

ಕಾಲಿನ ವಿಷಯದಲ್ಲಿ ಇನ್ನೂ ಮುಂದೆ ಹೋಗಿದ್ದೇವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಜಾಗಗಳಲ್ಲಿ 1,01,880 ಜನರ ಪಾದ ಅಳೆಯಿತು. ನಮ್ಮ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಅಂತ ಗೊತ್ತಾಯಿತು. 'ಭ' ಅನ್ನುವ ಹೆಸರಿನ ನಮ್ಮದೇ ಚಪ್ಪಲಿ ಸೈಜು ಬರಲಿ ಅಂತ ಶಿಫಾರಸು ಮಾಡಿದರು. ಬಟ್ಟೆಗೆ ನಡೆದಿರುವುದು ಇಂಡಿಯಾಸೈಜ್. ಕೇಂದ್ರ ಜವಳಿ ಇಲಾಖೆಯ ದುಡ್ಡು, ಎನ್‌ಐಎಫ್‌ಟಿ ಅಂದರೆ ನಿಫ್ಟ್ ಸಂಸ್ಥೆಯ ಕೆಲಸ, ಸುಮಾರು ₹30 ಕೋಟಿ ಯೋಜನೆ. 15ರಿಂದ 65 ವರ್ಷದ 25,000 ಜನ, ಅರ್ಧ ಗಂಡಸರು, ಅರ್ಧ ಹೆಂಗಸರು. ಟೇಪಿಲ್ಲ, ಮುಟ್ಟುವುದಿಲ್ಲ, ಒಂದು ಕೋಣೆಯಲ್ಲಿ ನಿಂತರೆ ಸುತ್ತಲಿನ ಕ್ಯಾಮೆರಾ ಮೈಯ ಆಕಾರವನ್ನೇ ಎತ್ತಿಕೊಳ್ಳುತ್ತೆ. ಗಂಡಸು ಟೈಲರಿಗೆ ಅಳತೆ ಕೊಡಲು ಮುಜುಗರವಾಗಿ, ಬಾಣಂತನಕ್ಕೆ ಮುಂಚಿನ ಹಳೇ ರವಿಕೆಯನ್ನು ಅಳತೆಗೆ ಅಂತ ಕಳಿಸಿ, ಹಳೇ ತಪ್ಪನ್ನೇ ಹೊಸ ಬಟ್ಟೆಯಲ್ಲಿ ಹೊಲಿಸಿಕೊಳ್ಳುವ ನಮ್ಮೂರ ಎಷ್ಟೋ ಜನಕ್ಕೆ ಈ ಯಂತ್ರ ದೊಡ್ಡ ಉಪಕಾರ.

ಅಳೆದ ಊರುಗಳು ಯಾವುವು? ದೆಹಲಿ, ಮುಂಬೈ, ಕೋಲ್ಕತ್ತಾ, ಹೈದರಾಬಾದ್, ಶಿಲ್ಲಾಂಗ್, ಬೆಂಗಳೂರು. ಆರು ನಗರ, ದೇಶದ ಆರು ದಿಕ್ಕಿಗೆ ಒಂದೊಂದು. ಅಷ್ಟು ದೊಡ್ಡ ಯಂತ್ರವನ್ನು ಊರೂರಿಗೆ ಹೊರುವುದು ಕಷ್ಟ, ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಕಡೂರಿನವರೂ ಇದ್ದಾರೆ, ಅದೂ ನಿಜ. ಆದರೆ ಅಂಕಿಅಂಶದ ಮೊದಲ ಪಾಠ ಇದೇ: ಯಾರನ್ನು ಅಳೆದೆ ಅನ್ನುವುದು ಎಷ್ಟು ಜನರನ್ನು ಅಳೆದೆ ಅನ್ನುವುದಕ್ಕಿಂತ ಮುಖ್ಯ. ಅಡಿಕೆ ಸುಲಿಯುವ ತರೀಕೆರೆಯ ಕೈ, ಈರುಳ್ಳಿ ಕೀಳುವ ಅಜ್ಜಂಪುರದ ಬೆನ್ನು, ಕಂಪ್ಯೂಟರ್ ಮುಂದೆ ಕೂರುವ ನನ್ನ ಬೆನ್ನು, ಮೂರೂ ಒಂದೇ ಅಲ್ಲ. 1939ರಲ್ಲಿ ಅಮೆರಿಕದವರು ಯಾರನ್ನು ಬಿಟ್ಟರು ಅಂತ ಇವತ್ತಿಗೂ ನಾವು ಎತ್ತಿ ಆಡ್ತೀವಿ. 2024ರ ಸೆಪ್ಟೆಂಬರಿನಲ್ಲಿ ಜವಳಿ ಸಚಿವ ಗಿರಿರಾಜ್ ಸಿಂಗ್, ಇಂಡಿಯಾಸೈಜ್ ಶೀಘ್ರ ಬರಲಿದೆ ಅಂದರು. ಹದಿನಾಲ್ಕು ದೇಶಗಳು ಈ ಕೆಲಸ ಮಾಡಿ ಮುಗಿಸಿವೆ ಅಂತ ಸರ್ಕಾರವೇ ಹೇಳುತ್ತೆ.

ಪಟ್ಟಿ ಬಂದ ಕೂಡಲೇ ಕಡೂರಿನ ಅಂಗಡಿಯಲ್ಲಿ ಎಲ್ಲರಿಗೂ ಬಟ್ಟೆ ಕೂತುಬಿಡುತ್ತೆ ಅಂತ ನಾನು ಹೇಳಲ್ಲ. ಅಂಗಡಿಯವರ ಕಷ್ಟವೂ ಇದೆ. ಒಂದು ಕುರ್ತಾ, ಐದು ಸೈಜು, ನಾಲ್ಕು ಬಣ್ಣ ಅಂದರೆ ಇಪ್ಪತ್ತು ಪೀಸು. ಇದಕ್ಕೆ ಎರಡು ಎತ್ತರ, ಮೂರು ಬಗೆಯ ಹಿಪ್ ಸೇರಿಸಿ, ನೂರಾ ಇಪ್ಪತ್ತು. ಕಡೂರಿನ ಅಂಗಡಿಯ ಕಪಾಟು ಎಷ್ಟು ಹಿಡಿಯುತ್ತೆ? ಉಳಿದ ಮಾಲಿಗೆ ಬಂಡವಾಳ ಯಾರು ಹಾಕ್ತಾರೆ? ಆದ್ದರಿಂದ ದತ್ತಾಂಶದ ನಿಜವಾದ ಕೆಲಸ ಸೈಜು ಹೆಚ್ಚಿಸುವುದಲ್ಲ. ಇರುವ ಐದಾರು ಸೈಜನ್ನು ಎಲ್ಲಿಟ್ಟರೆ ಹೆಚ್ಚು ಜನಕ್ಕೆ ಹೊಂದುತ್ತೆ ಅಂತ ಹುಡುಕುವುದು. ಯಾವ ಅಳತೆ ಜನದಿಂದ ಜನಕ್ಕೆ ಹೆಚ್ಚು ಬದಲಾಗುತ್ತೋ ಅಲ್ಲಿ ಲಾಡಿ, ಎಲಾಸ್ಟಿಕ್, ಒಳಗೆ ಒಂದಿಂಚು ಬಟ್ಟೆ ಕೊಡುವುದು. ಬಟ್ಟೆಯ ಬೆಲೆಯಲ್ಲಿ ದೊಡ್ಡ ಪಾಲು ಬಟ್ಟೆಯದೇ ಆದ್ದರಿಂದ ಕಾರ್ಖಾನೆ ಆ ಒಂದಿಂಚನ್ನು ಮೊದಲು ಕತ್ತರಿಸುತ್ತೆ. ನಮ್ಮ ಅಜ್ಜಿಯರ ಸೀರೆ ಯಾರ ಸೈಜನ್ನೂ ಕೇಳಲಿಲ್ಲ, ಕೇಳುವುದು ರವಿಕೆ. ಆ ರವಿಕೆಗೂ ತರೀಕೆರೆಯ ಅಕ್ಕ ಪಕ್ಕದಲ್ಲಿ ಮೂರು ಸಾಲು ಹೊಲಿಗೆ ಹಾಕ್ತಾರೆ. ದಪ್ಪ ಆದರೆ ಒಂದು ಸಾಲು ಬಿಚ್ಚು, ಸಣ್ಣ ಆದರೆ ಹಾಕು. ವಾಯುಪಡೆಯ ಸೀಟಿನ ಉಪಾಯ ಅದೇ ತಾನೇ!

ಕೇಂದ್ರ ಸರ್ಕಾರಕ್ಕೆ ನನ್ನ ಒಂದು ಪ್ರಶ್ನೆ ಮಾತ್ರ. ಈ ಅಳತೆಗೆ ನಾವು ತೆರಿಗೆ ಕಟ್ಟಿದ್ದೇವೆ, ನಮ್ಮವರೇ ಹೋಗಿ ಆ ಕೋಣೆಯಲ್ಲಿ ನಿಂತು ಮೈ ಕೊಟ್ಟಿದ್ದಾರೆ. ಹೆಸರು, ವಿಳಾಸ ತೆಗೆದು ಉಳಿಯುವ ಕೋಷ್ಟಕ ಯಾರಿಗೆ ಸಿಗುತ್ತೆ? ದುಡ್ಡು ಕಟ್ಟಬಲ್ಲ ದೊಡ್ಡ ಬ್ರ್ಯಾಂಡುಗಳಿಗೆ ಮಾತ್ರವೋ, ಎರಡು ಮಷೀನಿನ ಮನೆ ಟೈಲರಿಗೂ? ಸ್ವಸಹಾಯ ಸಂಘದಲ್ಲಿ ಹೊಲಿಗೆ ಕಲಿಯುವವರಿಗೂ? ಅಮೆರಿಕದವರು ತಮ್ಮ ದೋಷಪೂರಿತ ಲೆಕ್ಕವನ್ನಾದರೂ 1941ರಲ್ಲಿ ಪುಸ್ತಕ ಮಾಡಿ ಎಲ್ಲರ ಕೈಗೆ ಕೊಟ್ಟಿದ್ದರು.

ನನ್ನ ರವಿಕೆ ಮದುವೆಯ ಹಿಂದಿನ ರಾತ್ರಿ ಸಿಕ್ಕಿತು. ಹಳೆಯದನ್ನು ಪಕ್ಕಕ್ಕಿಟ್ಟು ಅಕ್ಕ ಹೊಸದನ್ನೇ ಹೊಲಿದಿದ್ದರು. ಹಾಕಿಕೊಂಡು ಕೈ ಎತ್ತಿದೆ, ಎಲ್ಲೂ ಹಿಡಿಯಲಿಲ್ಲ. ಇಂಡಿಯಾಸೈಜ್ ಬಗ್ಗೆ ಅವರಿಗೆ ಹೇಳಿದೆ. ಇಪ್ಪತ್ತೈದು ಸಾವಿರ ಜನ, ಕ್ಯಾಮೆರಾ, ಕೋಷ್ಟಕ ಎಲ್ಲ. ಬಾಯಲ್ಲಿದ್ದ ದಾರ ತೆಗೆದು ಅವರು ಕೇಳಿದ್ದು ಒಂದೇ: "ಅದು ಕನ್ನಡದಲ್ಲಿರುತ್ತಾ?"